ಸೋಸಿ ಕೊಟ್ಟ ನೀರು

ಆ ಮೇಡಂ ಪಕ್ಕದಲ್ಲಿ ಕೂಡುವುದೆಂದರೆ, ಮೈಮೇಲೆ ಬಟ್ಟೆ ಹಾಕಿಕೊಂಡು ಬಂದ ಯಾವ ಮನುಷ್ಯನಿಗೂ ನೆಮ್ಮದಿಯಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಪರೀಕ್ಷೆ ಡ್ಯೂಟಿ ಯಾರಿಗೆ ಬಿತ್ತು, ಯಾರಿಗೆ ತಪ್ಪಿತು ಎಂದು ಭಾರೀ ಗಂಭೀರವಾಗಿ ಮಾತಾಡುತ್ತಿದ್ದರೆ ಅವರ ಕಣ್ಣು ನಮ್ಮ ಭುಜದ ಮೇಲಿರುತ್ತಿತ್ತು. ಮೆಲ್ಲಗೆ ಎರಡು ಬೆರಳು ಮುಂದೆ ಬಂದು ಅಂಗಿಯ ಮೇಲಿನ ಒಂದು ಎಳೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದವು. "ಟೆರಿಕಾಟ್ ಅದ್ರಿ ಸರ. ನಿಮಗಿಂತ ಇದಕ್ಕ ಆಯುಷ್ಯ ಭಾಳ" ಎಂದು ಹೇಳಿ ಆ ಎಳೆಯನ್ನು ಕಾಗದದಲ್ಲಿ ಮಡಚಿ ಇಟ್ಟುಕೊಳ್ಳುತ್ತಿದ್ದರು. ನಾನು ಕನ್ನಡದ ಮೇಷ್ಟ್ರು, ಒಗೆದು ಹಾಕಿದರೆ ಇಸ್ತ್ರಿ ಬೇಡದ ಅಂಗಿಯನ್ನು ನಂಬಿ ಬದುಕಿದವನು. ನನಗೆ ಮೊದಮೊದಲು ಕೆಂಡದಂಥ ಸಿಟ್ಟು ಬರುತ್ತಿತ್ತು.

ಚಿತ್ತಾಪುರ ಕಡೆಯ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಹೇಳುತ್ತಿದ್ದರು. ಊರು ಸುಲೇಪೇಟ. ತಂದೆಯದು ಅಲ್ಲಿ ಬಟ್ಟೆ ಅಂಗಡಿ, ಈಗ ತಮ್ಮ ನಡೆಸುತ್ತಾನೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಪ್ರಿನ್ಸಿಪಾಲರಿಗೂ ಇರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಹೆಸರಿಲ್ಲದೆಯೇ ಗೊತ್ತಾಗುತ್ತದೆ, ಬೇರೆಯವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ.

ಅಂಗಡಿಯ ಮಗಳು ಎನ್ನುವುದು ಅವರ ಕೈಯಲ್ಲಿ ಕಾಣುತ್ತಿತ್ತು. ಯಾರದೇ ಸೆರಗಾಗಲಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿದರೆ ಸಾಕು, ಹತ್ತಿ ಎಷ್ಟು, ಮೋಸ ಎಷ್ಟು ಎಂದು ಹೇಳಿಬಿಡುತ್ತಿದ್ದರು. ಅಪ್ಪನ ಅಂಗಡಿಯಲ್ಲಿ ಗಿರಾಕಿಗೆ ನಂಬಿಕೆ ಬರದಿದ್ದರೆ ಬಟ್ಟೆಯ ಥಾನಿನ ತುದಿಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ತೋರಿಸುತ್ತಿದ್ದರಂತೆ. ಹತ್ತಿಯಾದರೆ ಬೂದಿ. ಟೆರಿಲಿನ್ ಆದರೆ ಕರಗಿ ಸಣ್ಣ ಗುಳಿಗೆ. ಎಂ.ಎಸ್ಸಿ., ಪಿಎಚ್.ಡಿ. ಎಲ್ಲ ಮುಗಿಸಿ ಬಂದಮೇಲೂ ಲ್ಯಾಬಿನಲ್ಲಿ ಅವರು ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ.

ನೀರಿನಲ್ಲಿ ಪ್ಲಾಸ್ಟಿಕ್ ಎಣಿಸುವುದು ಅವರ ಕೆಲಸ. ತೇಲುವ ಬಾಟಲಿ, ಕ್ಯಾರಿಬ್ಯಾಗ್ ಅಲ್ಲ. ಅದನ್ನು ನಾನೂ ಎಣಿಸುತ್ತೇನೆ. ಇದು ಕಣ್ಣಿಗೆ ಕಾಣದ್ದು. ಬಟ್ಟೆ, ಚೀಲ, ಹಗ್ಗ, ಬಕೆಟ್ಟು ಸವೆದು ಸವೆದು ಉದುರಿದ ಎಳೆ ಮತ್ತು ಚೂರು. ಕಾಗಿಣಾ ಹೊಳೆಯಲ್ಲಿ ಅದು ಎಷ್ಟಿದೆ, ಎಲ್ಲಿಂದ ಬರುತ್ತದೆ, ಕುಡಿಯುವವರ ಕೊಡದವರೆಗೆ ಎಷ್ಟು ಹೋಗುತ್ತದೆ ಎಂದು ತಿಳಿಯಬೇಕು ಎನ್ನುವುದು ಅವರ ಹಟ. ಹೊಳೆಗೆ ಹೋಗಲು ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ನನ್ನ ಹಳೆಯ ಸ್ಕೂಟರಿತ್ತು. ಹೀಗೆ ಹಳಗನ್ನಡ ಕಲಿಸುವ ನಾನು ಭಾನುವಾರಗಳಲ್ಲಿ ಸ್ಟೀಲಿನ ಹಾಲಿನ ಕ್ಯಾನು ಕಾಲಸಂದಿಯಲ್ಲಿಟ್ಟುಕೊಂಡು ಸೇಡಂನಿಂದ ಶಹಾಬಾದಿನವರೆಗೆ ಹೊಳೆದಂಡೆ ಅಲೆಯುವವನಾದೆ. ನನ್ನ ಹೆಂಡತಿ ಇದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಕೆಲಸದ ಶಿಸ್ತು ಎಂದರೆ ಮಡಿಗಿಂತ ಮಡಿ. ಪ್ಲಾಸ್ಟಿಕ್ಕಿನ ಮಗ್ಗು, ಬಕೆಟ್ಟು ಹತ್ತಿರ ಸುಳಿಯುವಂತಿಲ್ಲ. ಸ್ಟೀಲಿನ ಬಕೆಟ್ಟು, ಸ್ಟೀಲಿನ ಸಣ್ಣ ಜರಡಿ, ಗಾಜಿನ ಬಾಟಲಿ. ನನಗೊಂದು ಖಾದಿ ಅಂಗಿ ಕೊಡಿಸಿ ಅದನ್ನು ಹಾಕಿಕೊಂಡು ಬಂದರೆ ಮಾತ್ರ ಹಿಂದೆ ಕೂಡುತ್ತೇನೆ ಎಂದರು. ಗಾಳಿ ಬರುವ ಕಡೆಗೆ ನಾನು ನಿಲ್ಲಬಾರದು. ನನ್ನ ಮೈಯಿಂದ ಹಾರಿದ್ದು ಹೊಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಪ್ರತಿ ಸಲವೂ ಲ್ಯಾಬಿನಲ್ಲಿ ಶುದ್ಧ ಮಾಡಿದ ನೀರಿನ ಒಂದು ಬಾಟಲಿ ತರುತ್ತಿದ್ದರು. ಅದಕ್ಕೆ ಅವರು ಕರೆಯುತ್ತಿದ್ದದ್ದು ಕೋರಾ ಬಾಟಲಿ ಎಂದು. ಹೊಸ ಬಟ್ಟೆಗೆ, ಬರೆಯದ ಕಾಗದಕ್ಕೆ ನಮ್ಮ ಕಡೆ ಅನ್ನುತ್ತೇವಲ್ಲ, ಆ ಕೋರಾ. ಹೊಳೆಯ ನೀರು ತುಂಬುವಷ್ಟು ಹೊತ್ತು ಕೋರಾ ಬಾಟಲಿಯ ಬಿರಡೆಯನ್ನೂ ತೆರೆದು ಪಕ್ಕದಲ್ಲೇ ಇಡುವುದು, ಆಮೇಲೆ ಅದರಲ್ಲಿ ಬಿದ್ದದ್ದನ್ನೂ ಎಣಿಸಿ ಕಳೆಯುವುದು.

"ಮೊದಲ ನಮ್ಮ ಹೊಲಸು ಎಣಿಸಬೇಕ್ರಿ ಸರ" ಎನ್ನುತ್ತಿದ್ದರು. "ಹೊಳಿದು ಆಮ್ಯಾಲ."

ಲ್ಯಾಬಿನ ಸಂಕಟ ಬೇರೆ. ನಮ್ಮ ಏಪ್ರಿಲ್ ತಿಂಗಳು ಗೊತ್ತಿರುವವರಿಗೆ ಹೇಳುತ್ತೇನೆ: ಕಿಟಕಿ ಬಂದ್, ಫ್ಯಾನು ಬಂದ್. ಫ್ಯಾನು ತಿರುಗಿದರೆ ಎಳೆ ಹಾರುತ್ತದೆ. ನೀರಿಗೆ ಔಷಧ ಹಾಕಿ ಪಾಚಿ, ಎಲೆ, ಹುಳ ಎಲ್ಲ ಕರಗಿಸಿ, ಉಳಿದದ್ದನ್ನು ತೆಳ್ಳಗಿನ ಬಿಲ್ಲೆಯಂಥ ಸೋಸುಕಾಗದದ ಮೇಲೆ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಬೆವರು ಸುರಿಸುತ್ತ ಕೂಡುತ್ತಿದ್ದರು. ಅನುಮಾನ ಬಂದ ಎಳೆಗೆ ಕಾಯಿಸಿದ ಸೂಜಿ ಮುಟ್ಟಿಸುತ್ತಿದ್ದರು. ಸುರುಟಿ ಕರಗಿದರೆ ಪ್ಲಾಸ್ಟಿಕ್. ಅಪ್ಪನ ಕಡ್ಡಿಪೆಟ್ಟಿಗೆಯೇ ಅದು. ಆದರೆ ಸೂಜಿ ಇದು ಪ್ಲಾಸ್ಟಿಕ್ ಎಂದು ಹೇಳುತ್ತದೆಯೇ ಹೊರತು ಯಾವ ಪ್ಲಾಸ್ಟಿಕ್ ಎಂದು ಹೇಳುವುದಿಲ್ಲ. ಅದನ್ನು ಹೇಳುವ ಯಂತ್ರ ನಮ್ಮಲ್ಲಿರಲಿಲ್ಲ, ಹೈದರಾಬಾದಿಗೆ ಕಳಿಸಬೇಕಿತ್ತು. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನದು ತಿಳಿಯುತ್ತದೆ.

ಒಮ್ಮೆ ಏನೂ ಬೆರೆಯದ ನೀರು ಹೇಗಿರುತ್ತದೆ ನೋಡೋಣ ಎಂದು ಚಿಂಚೋಳಿ ಕಾಡಿನೊಳಗಿನ ಒಂದು ಹಳ್ಳಕ್ಕೆ ಕರೆದುಕೊಂಡು ಹೋದರು. ಮನುಷ್ಯರ ಸುಳಿವಿಲ್ಲ, ನವಿಲು ಕೂಗುತ್ತಿತ್ತು, ನನಗೆ ಎರಡು ಪದ್ಯ ನೆನಪಾದವು. ಆ ನೀರಿನಲ್ಲೂ ಎಳೆ ಸಿಕ್ಕವು. ಮರುವಾರ ಸ್ಟಾಫ್ ರೂಮಿನಲ್ಲಿ ರೊಟ್ಟಿ ಡಬ್ಬಿ ತೆರೆದು ಕೂತವರು ಒಂದು ತುತ್ತೂ ಮುರಿಯದೆ ಮುಚ್ಚಿಟ್ಟರು. ಅಲ್ಲೂ ಅದ್ರಿ, ಎಂದರು. ಅಷ್ಟೇ.

ಇನ್ನು ಭೀಮಬಾಯಿಯ ವಿಷಯ. ದಂಡೋತಿಯಿಂದ ಕೆಳಗೆ, ಹೊಳೆ ಶಹಾಬಾದಿನ ಕಡೆ ತಿರುಗುವ ದಾರಿಯಲ್ಲಿ ನೀರಿಗಿಳಿಯುವ ಒಂದು ಘಾಟಿದೆ. ಊರ ಹೆಸರು ಬೇಡ. ಅಲ್ಲಿ ಹತ್ತಾರು ಹೆಂಗಸರು ಖಾಲಿ ಸಿಮೆಂಟ್ ಚೀಲ ತೊಳೆಯುತ್ತಿದ್ದರು. ಮನೆ ಕಟ್ಟುವಲ್ಲಿ ಬಿದ್ದ ಚೀಲಗಳನ್ನು ಒಬ್ಬ ವ್ಯಾಪಾರಿ ಟೆಂಪೋದಲ್ಲಿ ತಂದು ಸುರಿಯುತ್ತಿದ್ದ. ಇವರು ಒಳಮಗ್ಗುಲು ಹೊರಗೆ ಮಾಡಿ, ಬಂಡೆಗೆ ಬಡಿದು, ಜಾಲಿಸಿ, ದಂಡೆಯ ಮೇಲೆ ಒಣಗಿಸಿ ಕಟ್ಟು ಕಟ್ಟುತ್ತಿದ್ದರು. ಹೊಟ್ಟು ತುಂಬಲು, ಉಸುಕು ತುಂಬಲು, ಗುಡಿಸಲಿಗೆ ಹೊದಿಸಲು ಆ ಚೀಲಗಳು ಮತ್ತೆ ಹೋಗುತ್ತಿದ್ದವು. ಸಿಮೆಂಟಿನಿಂದ ಅವರ ಬೆರಳ ಸಂದಿ ಒಡೆದು ಸದಾ ಹಸಿಯಾಗಿರುತ್ತಿತ್ತು.

ಅವರಲ್ಲಿ ಹಿರಿಯಳು ಭೀಮಬಾಯಿ. ಆಕೆಯ ಗಂಡನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮನೆ ಘಾಟಿನ ಮೇಲೆಯೇ, ಕೂಗಿದರೆ ಕೇಳುವಷ್ಟು ಹತ್ತಿರ. ಆಕೆ ಒಂದಿಷ್ಟು ಚೀಲ ಬಡಿಯುವುದು, ಮೇಲೆ ಹೋಗಿ ಗಂಡನನ್ನು ಹೊರಳಿಸಿ ನೀರು ಕುಡಿಸಿ ಬರುವುದು, ಮತ್ತೆ ಬಡಿಯುವುದು. ದಿನವೆಲ್ಲ ಹೀಗೆ. ಈ ಕೆಲಸ ಬಿಟ್ಟು ಬೇರೆ ಯಾವ ಕೆಲಸವೂ ಆಕೆಗೆ ಆಗುವಂತಿರಲಿಲ್ಲ, ಯಾಕೆಂದರೆ ಬೇರೆ ಎಲ್ಲ ಕೆಲಸವೂ ದೂರ.

ಮೇಡಂ ಮತ್ತು ಭೀಮಬಾಯಿಯ ನಡುವೆ ಬಹಳ ಬೇಗ ಸಲುಗೆ ಬೆಳೆಯಿತು. ನೀರಿನಲ್ಲಿ ಏನು ಹುಡುಕುತ್ತೀರಿ ಎಂದು ಆಕೆ, ದಾರ ಎಂದು ಇವರು. ಕಳಕೊಂಡೀರೇನ್ರಿ ಎಂದು ಆಕೆ ನಕ್ಕಿದ್ದಳು. ನಮ್ಮ ಬಕೆಟ್ಟಿನ ಹಗ್ಗವೂ ಹತ್ತಿಯದೇ ಆಗಬೇಕು ಎಂದದ್ದು ಕೇಳಿ, ಆಕೆಯೇ ತನ್ನ ಹಳೆಯ ಸೀರೆ ಹರಿದು ಹೊಸೆದು ಕೊಟ್ಟಳು. ಮೇಡಂ ಅದನ್ನೂ ಎರಡು ಬೆರಳಲ್ಲಿ ಉಜ್ಜಿ ನೋಡಿಯೇ ತೆಗೆದುಕೊಂಡರು. ಭೀಮಬಾಯಿಗೆ ಅದರಿಂದ ಬೇಜಾರಾಗಲಿಲ್ಲ, ನನಗಾಯಿತು.

ಘಾಟಿನ ಮೇಲಕ್ಕೊಂದು ಊರು, ಕೆಳಕ್ಕೊಂದು ಊರು. ಎರಡೂ ಊರಿಗೆ ಹೊಳೆಯ ನೀರೇ ಟಾಕಿಗೆ ಏರಿ ನಳದಲ್ಲಿ ಬರುತ್ತದೆ. ಎರಡೂ ಕಡೆಯ ಕುಡಿಯುವ ನೀರು ಹೋಲಿಸಬೇಕೆಂದು ಮೇಡಂ ಹೊರಟರು. ಮೇಲಿನ ಊರಲ್ಲಿ ಬೀದಿ ನಳ ಹರಿಯುತ್ತಿತ್ತು, ತಾವೇ ಬಾಟಲಿ ಹಿಡಿದು ತುಂಬಿಕೊಂಡರು. ಕೆಳಗಿನ ಊರಿಗೆ ಹೋಗುವಷ್ಟರಲ್ಲಿ ನಳ ನಿಂತಿತ್ತು. ಹೋದಾಗಲೆಲ್ಲ ಹೀಗೆಯೇ ಆಯಿತು. ಅಲ್ಲಿ ಹೆಚ್ಚಿನವು ಲಿಂಗಾಯತರ ಮನೆಗಳು, ಮೇಡಂ ಅವರೂ ಅದೇ ಪೈಕಿ. ಕಟ್ಟೆಯ ಮೇಲೆ ಕೂಡಿಸಿ, ಚಾ ಕೊಟ್ಟು, ಯಾರ ಮಗಳು, ಯಾವ ಮಠದವರು ಎಂದೆಲ್ಲ ವಿಚಾರಿಸಿದರು. ನಮಗೆ ನಿಮ್ಮ ಕೊಡದಲ್ಲಿರುವ ನೀರು ಬೇಕು, ಆದರೆ ಸೋಸದೆ ಹಾಗೆಯೇ ಬೇಕು ಎಂದು ಮೇಡಂ ಒತ್ತಿ ಒತ್ತಿ ಹೇಳಿದರು. ಹ್ಞೂಂ, ಆಗಲ್ರಿ ತಂಗಿ, ಎಂದರು ಆ ಮನೆಯ ಹಿರಿಯಮ್ಮ ಗೌರಮ್ಮ. ಬಾಟಲಿ ಇಸಿದುಕೊಂಡು ಒಳಗೆ ಹೋಗಿ ತುಂಬಿ ತಂದು ಕೊಟ್ಟರು. ಉಳಿದ ಮನೆಗಳಲ್ಲೂ ಹಾಗೆಯೇ. ಕೋರಾ ಬಾಟಲಿ ಹೊರಗೆ ಕಟ್ಟೆಯ ಮೇಲೆ ನಮ್ಮ ಜೊತೆ ಬಾಯಿ ತೆರೆದುಕೊಂಡು ಕೂತಿತ್ತು.

ಎಣಿಸಿದಾಗ ಕೆಳಗಿನ ಊರಿನ ನೀರಿನಲ್ಲಿ ಎಳೆ ತುಂಬಿ ತುಳುಕುತ್ತಿದ್ದವು. ಬಿಳಿಯವು, ನಡುನಡುವೆ ನೀಲಿ. ಮೇಲಿನ ಊರಿಗೂ ಇದಕ್ಕೂ ತಾಳೆಯೇ ಇಲ್ಲ. ನಡುವೆ ಇರುವುದು ಏನು? ಘಾಟು. ಚೀಲವೂ ಬಿಳಿ, ಅದರ ಮೇಲಿನ ಅಕ್ಷರವೂ ನೀಲಿ. ನಾನಾಗಿದ್ದರೆ ಅಂದೇ ಭಾಷಣ ಮಾಡಿಬಿಡುತ್ತಿದ್ದೆ. ಮೇಡಂ ಎಳೆಗಳನ್ನು ಹೈದರಾಬಾದಿಗೆ ಕಳಿಸಿದರು, ಉತ್ತರಕ್ಕೆ ಕಾದರು. ಅಲ್ಲಿ ಯಂತ್ರ ಕೆಟ್ಟಿತ್ತೋ ಏನೋ, ತಿಂಗಳುಗಟ್ಟಲೆ ಸುದ್ದಿಯಿಲ್ಲ.

ಈ ನಡುವೆ ಕೆಳಗಿನ ಊರಿನವರು ಗ್ರಾಮಸಭೆಗೆ ಕರೆದರು. ನಮ್ಮ ನೀರು ನೋಡೀರಿ, ಏನು ಸಿಕ್ಕಿತು ಹೇಳಬೇಕು ಎಂದರು. ಅವರ ನೀರು, ಕೇಳುವ ಹಕ್ಕು ಅವರಿಗಿದೆ ಎಂದು ಮೇಡಂ ಹೋದರು. ಎಳೆ ಬಹಳ ಇವೆ, ಘಾಟಿನಿಂದ ಬಂದಿರಬಹುದು, ಖಾತ್ರಿಗೆ ಹೈದರಾಬಾದಿನ ವರದಿ ಬರಬೇಕು ಎಂದರು. ಮೂರು ಮಾತಿನಲ್ಲಿ ಜನ ಕೇಳಿಸಿಕೊಂಡದ್ದು ನಡುವಿನದೊಂದೇ, ಅದರಲ್ಲೂ ಕೊನೆಯ 'ಬಹುದು' ಬಿಟ್ಟು. ಬರಬಹುದು, ಇರಬಹುದು ಎನ್ನುವುದಕ್ಕೆ ವ್ಯಾಕರಣದಲ್ಲಿ ಸಂಭಾವನಾರ್ಥ ಎಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಸಭೆಯಲ್ಲಿ ಆ ಅರ್ಥ ಯಾರಿಗೂ ಬೇಕಿರಲಿಲ್ಲ. ಚೀಲದವರ ಮೇಲೆ ಊರಿಗೆ ಮೊದಲೇ ಅಸಮಾಧಾನವಿತ್ತು. ಯಾವ ಕೇರಿಯವರು, ನಮ್ಮ ನೀರಿನ ಮೇಲಕ್ಕೆ ಯಾಕೆ ಕೂಡಬೇಕು ಎನ್ನುವ ಹಳೆಯ ಮಾತು. ಈಗ ವಿಜ್ಞಾನವೂ ಸಿಕ್ಕಿತು. ವಾರ ಕಳೆಯುವುದರೊಳಗೆ ತಾಲೂಕಿನಿಂದ ಆದೇಶ ಬಂತು. ಜೆಸಿಬಿ ತಂದು ಘಾಟಿಗಿಳಿಯುವ ದಾರಿಗೆ ಅಡ್ಡಡ್ಡ ಗುಂಡಿ ತೋಡಿಸಿದರು, ಟೆಂಪೋ ಇಳಿಯದ ಹಾಗೆ.

ಮೇಡಂ ಆ ಗುಂಡಿ ನೋಡಲು ಹೋದದ್ದು ನನಗೆ ನೆನಪಿದೆ. ದಂಡೆಯ ಮೇಲೆ ಒಂದು ಚೀಲವೂ ಇರಲಿಲ್ಲ. ನೀರು ತಿಳಿಯಾಗಿ ಕಾಣುತ್ತಿತ್ತು. ತಿಳಿಯಾಗಿ ಕಂಡದ್ದು ಅವರಿಗೆ ಸಮಾಧಾನ ಕೊಡಲಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಜಲ್ದಿ ಮಾಡಿದರು, ಭಾಳ ಜಲ್ದಿ ಮಾಡಿದರು ಎಂದು ದಾರಿಯುದ್ದಕ್ಕೂ ಬೆನ್ನ ಹಿಂದೆ ಗೊಣಗುತ್ತಿದ್ದರು.

ಹೈದರಾಬಾದಿನ ವರದಿ ಬಂದಾಗ ನಾವು ಇಂಟರ್ನಲ್ ಪೇಪರು ತಿದ್ದುತ್ತಿದ್ದೆವು. ಓದಿದರು. ಕೆಂಪು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಸಿಮೆಂಟ್ ಚೀಲ ಪಾಲಿಪ್ರೊಪಿಲೀನ್. ಊರಿನ ಕೊಡದಲ್ಲಿ ಸಿಕ್ಕ ಎಳೆಗಳು ಪಾಲಿಯೆಸ್ಟರ್, ಹೆಚ್ಚುಕಡಿಮೆ ಎಲ್ಲವೂ. ಅದು ಚೀಲದ ಎಳೆಯಲ್ಲ, ಬಟ್ಟೆಯ ಎಳೆ. ಸ್ಕೂಟರು ತಗೀರಿ ಸರ, ಎಂದರು.

ಗೌರಮ್ಮ ಮನೆಯಲ್ಲೇ ಇದ್ದರು. ಮೇಡಂ ಈ ಸಲ ಕಟ್ಟೆಯ ಮೇಲೆ ಕೂಡಲಿಲ್ಲ, ಚಪ್ಪಲಿ ಬಿಟ್ಟು ನೇರ ಒಳಗೆ, ನೀರಿನ ಜಾಗಕ್ಕೆ ನಡೆದರು. ಅವತ್ತು ಬಾಟಲಿ ಹೇಗೆ ತುಂಬಿದಿರಿ, ಹಾಗೆಯೇ ತುಂಬಿ ತೋರಿಸಿ ಎಂದರು. ಗೌರಮ್ಮ ಗೂಟದ ಮೇಲಿದ್ದ ಬಿಳಿ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಿಡಿದು, ತಂಬಿಗೆಯಿಂದ ನೀರು ಹೊಯ್ದರು. ಸಾವಕಾಶವಾಗಿ, ಒಂದು ಹನಿ ಹೊರಗೆ ಚೆಲ್ಲದ ಹಾಗೆ, ಪೂಜೆಯ ಕೆಲಸದಷ್ಟು ಚೊಕ್ಕವಾಗಿ.

"ಸೋಸಬ್ಯಾಡ್ರಿ ಅಂದಿದ್ನಲ್ಲಮ್ಮ" ಎಂದರು ಮೇಡಂ.

"ಅಂದಿದ್ರಿ ತಂಗಿ. ನಿಮ್ಮ ಕೊರಳಾಗ ಲಿಂಗ ಅದ. ಲಿಂಗ ಕಟ್ಟಿದಾಕಿಗೆ ಸೋಸದ ನೀರು ಹೆಂಗ ಕೊಡಬೇಕು? ನೀವೇನೋ ಸಂಕೋಚಕ್ಕ ಅಂದೀರಿ ಅಂತ, ನಾ ಹ್ಞೂಂ ಅಂದು ಸೋಸೇ ಕೊಟ್ಟೆ."

ಮನೆಗೆ ಬಂದವರು ತ್ರಾಸು ತೊಗೋಬೇಡಿ ಎನ್ನುತ್ತಾರೆ, ನಾವು ಮಾಡಿಯೇ ಮಾಡುತ್ತೇವೆ. ಉಪಚಾರದ ಮಾತಿಗೆ ಉಪಚಾರದ ಉತ್ತರ. ಅದನ್ನು ತಪ್ಪು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಬೇರೆ ಮನೆಗಳಲ್ಲಿ ಕೇಳಿದೆವು, ಎಲ್ಲರೂ ಅದನ್ನೇ ಮಾಡಿದ್ದರು. ದಿನಾ ಒಮ್ಮೆ ಸೋಸಿ ತುಂಬಿಟ್ಟ ನೀರನ್ನು ನಮ್ಮ ಬಾಟಲಿಗೆ ಮರ್ಯಾದೆಯಿಂದ ಮತ್ತೊಮ್ಮೆ ಸೋಸಿದ್ದರು.

ಮೇಡಂ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಉಜ್ಜಿದರು. ಕಡ್ಡಿ ಗೀರುವ ಅಗತ್ಯ ಬೀಳಲಿಲ್ಲ. ಮದುವೆ, ಕುಬಸಗಳಲ್ಲಿ ಆಯೇರಿ ಎಂದು ಕೈಗಿಡುತ್ತಾರಲ್ಲ, ನೀಲಿ ಅಂಚಿನ ಅಗ್ಗದ ಬಿಳಿ ಟವೆಲು, ಯಾರೂ ಮೈಗೆ ಹಾಕದ್ದು, ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುವಂಥದ್ದು. ಹಿಂದಿನವರು ಸೋಸುತ್ತಿದ್ದದ್ದು ಹತ್ತಿಯ ಅರಿವೆಯಲ್ಲಿ. ಈಗ ಮನೆಮನೆಯ ಗೂಟದ ಮೇಲೂ ಈ ಟವೆಲೇ. ಹುಳ ಹುಪ್ಪಡಿ ತಡೆಯಲೆಂದು ಹಿಡಿದ ಬಟ್ಟೆ ದಿನಾ ತನ್ನ ಎಳೆಗಳನ್ನು ಕೊಡಕ್ಕೆ ಉದುರಿಸುತ್ತಿತ್ತು. ಬಟ್ಟೆ ಅಂಗಡಿಯ ಮಗಳು ಅಲ್ಲೇ ಹಂಡೆಯ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ನನಗೆ ಅವರನ್ನು ಎಬ್ಬಿಸಬೇಕೋ ಬೇಡವೋ ತಿಳಿಯಲಿಲ್ಲ.

ಅಷ್ಟಕ್ಕೇ ನಂಬಲಿಲ್ಲ ಅವರು. ನಳ ಬಿಡುವ ಹೊತ್ತಿಗೆ ನಸುಕಿನಲ್ಲೇ ಹೋಗಿ ನಿಂತು, ಕೆಳಗಿನ ಊರಿನ ನಳದಿಂದ ತಾವೇ ಬಾಟಲಿ ತುಂಬಿಕೊಂಡು ಬಂದು ಎಣಿಸಿದರು. ಮೇಲಿನ ಊರಿಗೂ ಕೆಳಗಿನ ಊರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅದೇ ನೀರನ್ನು ಆ ಟವೆಲಿನಲ್ಲಿ ಸೋಸಿ ನೋಡಿದರೆ, ಘಾಟು ಬಂದಾಗಿದ್ದರೂ, ಎಳೆ ಮೊದಲಿನಷ್ಟೇ ಇದ್ದವು. ಚೀಲ ತೊಳೆದರೆ ಹೊಳೆಗೆ ಏನೂ ಬೀಳುವುದಿಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಇವರ ಕೊಡದಲ್ಲಿದ್ದದ್ದು ಅದಲ್ಲ, ಎಂದರು. ಆಮೇಲೆ ನೇರ ಭೀಮಬಾಯಿಯ ಮನೆಗೆ ನಡೆಯಿರಿ ಎಂದರು. ಮೊದಲು ತಾಲೂಕು ಆಫೀಸಿಗೆ ಹೋಗೋಣ, ಮನೆಗೆ ಆಮೇಲೆ ಎಂದು ನಾನು ಬುದ್ಧಿ ಹೇಳಿದೆ. ಕೇಳುವ ಹೆಣ್ಣುಮಗಳೇ ಅಲ್ಲ.

ಭೀಮಬಾಯಿ ಆಗ ಶಹಾಬಾದ್ ಕಡೆ ಫರಸಿ ಕಲ್ಲು ಪಾಲಿಶ್ ಮಾಡುವಲ್ಲಿ ದುಡಿಯುತ್ತಿದ್ದಳು. ಬೆಳಗಾಗುವ ಮೊದಲೇ ಟೆಂಪೋ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಉಳಿದ ಹೆಂಗಸರು ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿಯಾಗಿತ್ತು. ಈಕೆ ಮಲಗಿದ ಗಂಡನನ್ನು ಬಿಟ್ಟು ಹೋಗುವಂತಿರಲಿಲ್ಲ. ನಾವು ಹೋದಾಗ ಆಕೆ ಇನ್ನೂ ಬಂದಿರಲಿಲ್ಲ, ಬಾಗಿಲು ಚಿಲಕವಿಲ್ಲದೆ ಬರೀ ಮುಂದೆ ಮಾಡಿತ್ತು. ಒಳಗೆ ಆ ಮನುಷ್ಯ ಬೆಳಗ್ಗೆ ಯಾವ ಮಗ್ಗುಲಿಗೆ ಮಲಗಿಸಿದ್ದಳೋ ಅದೇ ಮಗ್ಗುಲಿಗಿದ್ದ. ಪಕ್ಕದಲ್ಲಿ ನೀರಿನ ಚೊಂಬಿತ್ತು, ಅವನ ಕೈಗೆ ಎಟುಕಿರಲಿಲ್ಲ. ಬೆನ್ನಿನ ಕೆಳಗೆ ಹುಣ್ಣಾಗಿತ್ತು. ವಾಸನೆಗೆ ನಾನು ಬಾಗಿಲಲ್ಲೇ ನಿಂತೆ. ಮೇಡಂ ಒಳಗೆ ಹೋಗಿ ನೀರು ಕುಡಿಸಿ, ನನ್ನನ್ನು ಗದರಿಸಿ ಒಳಗೆ ಕರೆದರು. ಇಬ್ಬರೂ ಸೇರಿ ಅವನನ್ನು ಹೊರಳಿಸಿದೆವು. ಅವನು ನರಳಲೂ ಇಲ್ಲ.

ಭೀಮಬಾಯಿ ಬಂದಳು. ತಲೆ, ಹುಬ್ಬು ಎಲ್ಲ ಕಲ್ಲಿನ ಪುಡಿ. ಮೇಡಂ ಕೈ ಮುಗಿಯಲಿಲ್ಲ, ಅಳಲಿಲ್ಲ. ಕ್ಲಾಸಿನಲ್ಲಿ ಪಾಠ ಹೇಳಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ಚೀಲದ ಎಳೆ ಯಾವುದು, ಬಟ್ಟೆಯ ಎಳೆ ಯಾವುದು, ಎಲ್ಲಿ ತಪ್ಪಿತು. ತಪ್ಪು ನಂದು, ಎಂದರು.

ಭೀಮಬಾಯಿ ಗಂಡನ ಕಡೆ ನೋಡಿದಳು, ಹೊರಳಿಸಿದ್ದು ಗೊತ್ತಾಯಿತು.

"ತಪ್ಪು ಆಗ್ತದ್ರಿ. ಘಾಟ್ ತೆರಸ್ರಿ" ಎಂದಳು.

"ತೆರಸ್ತೀನಿ."

ಆ ಒಂದು ಮಾತು ಅವರ ಮುಂದಿನ ದಿನಗಳನ್ನೆಲ್ಲ ತಿಂದುಹಾಕಿತು. ಕೆಳಗಿನ ಊರಿನಲ್ಲಿ ಮತ್ತೆ ಸಭೆ ಕರೆಯಿರಿ ಎಂದರು, ಯಾರೂ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂತವರಿಗೇ ಹೇಳಿದರು. ನಮ್ಮ ಹಿರಿಯರ ಕಾಲದಿಂದ ಸೋಸಿ ಕುಡಿದೀವಿ, ನಮ್ಮ ಸೋಸೋ ಅರಿವಿನೇ ಹೊಲಸು ಅಂತೀರೇನು ಎಂದು ಒಬ್ಬರು ಎದ್ದುಹೋದರು. ಚೀಲದವರ ಕಡೆಯಿಂದ ಏನೋ ಸಿಕ್ಕಿರಬೇಕು ಎಂದು ಇನ್ನೊಬ್ಬರು ನಮಗೆ ಕೇಳುವ ಹಾಗೆಯೇ ಅಂದರು. ಮೇಡಂ ಸುಲೇಪೇಟದ ಅಂಗಡಿಯಿಂದ ಹತ್ತಿಯ ಥಾನು ತರಿಸಿ, ತುಂಡು ಮಾಡಿ ಮನೆಮನೆಗೆ ಸೋಸಲು ಕೊಟ್ಟರು. ಎಲ್ಲರೂ ಕಣ್ಣಿಗೊತ್ತಿಕೊಂಡು ಇಸಿದುಕೊಂಡರು. ಹೊಸ ಬಟ್ಟೆ, ಒಳ್ಳೆಯ ಬಟ್ಟೆ. ಪೆಟ್ಟಿಗೆಯಲ್ಲಿಟ್ಟರು, ಮುಂದೆ ಯಾರಿಗಾದರೂ ಆಯೇರಿ ಮಾಡಲು. ಗೂಟದ ಮೇಲೆ ನೀಲಿ ಅಂಚಿನ ಟವೆಲು ಇದ್ದ ಹಾಗೆಯೇ ಇತ್ತು. ಇದನ್ನು ಹೇಳಿ ಮೇಡಂ ನಕ್ಕರು, ಆ ನಗು ನೋಡಲಾಗಲಿಲ್ಲ.

ಆಫೀಸಿನವರು ಜಾಣರು. ಕುರ್ಚಿ ಕೊಟ್ಟರು, ಚಾ ತರಿಸಿದರು. ಅಧಿಕಾರಿ ಕೆಟ್ಟವನೇನಲ್ಲ, ನಮ್ಮ ಕಾಲೇಜಿನಲ್ಲೇ ಕಲಿತವನು. "ಮೇಡಂ, ಹೊಲಸದ ಅಂದಾಕಿನೂ ನೀವೇ, ಇಲ್ಲ ಅನ್ನಾಕಿನೂ ನೀವೇ. ಘಾಟ್ ಬಂದ್ ಆತು, ಹೊಳಿ ಸ್ವಚ್ಛ ಕಾಣಲಿಕತ್ಯದ. ಇದರಾಗ ಯಾರಿಗಿ ಲುಕ್ಸಾನ?" ಎಂದ. ಯಾರಿಗೆ ಎಂದು ಮೇಡಂ ಹೆಸರು ಹಿಡಿದು ಹೇಳಿದರು, ಹುಣ್ಣನ್ನೂ ಹೇಳಿದರು. ಅವನು ಬರೆದುಕೊಂಡ ಹಾಗೆ ಮಾಡಿದ. ಆಮೇಲೆ ವಾಡಿಗೆ ಹೋದೆವು, ಕಲಬುರಗಿಗೆ ಹೋದೆವು, ಮತ್ತೆ ಮೊದಲಿನ ಬಾಗಿಲಿಗೇ ಬಂದೆವು. ತಪ್ಪಾದ ಮಾತಿಗೆ ವಾರದಲ್ಲಿ ಜೆಸಿಬಿ ಬಂದಿತ್ತು. ಸರಿಪಡಿಸಿದ ಮಾತಿಗೆ ಒಂದು ಸಲಿಕೆಯೂ ಏಳಲಿಲ್ಲ. ನನಗೆ ಈ ಮಾತು ಬರೆಯುವಾಗಲೂ ಮೈ ಉರಿಯುತ್ತದೆ, ಮುಚ್ಚಿಡುವುದೇನು.

ಹೋದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಮೊದಲ ದಿನಗಳಲ್ಲಿ ಆಫೀಸಿಗೆ ಹೋಗುವುದಿದೆ ಎಂದು ಮಾತ್ರೆ ನುಂಗಿ ಓಡಾಡಿದರು. ಕಲಬುರಗಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈ ಮೀರಿತ್ತು. ನೋಡಲು ಹೋದಾಗ ಸಲಾಯಿನ್ ನಳಿಗೆಯ ಕಡೆ ಕಣ್ಣು ತೋರಿಸಿ, ಪ್ಲಾಸ್ಟಿಕ್ ನೋಡ್ರಿ ಸರ, ಎಂದರು. ನಾನು ನಗಲಿ ಎಂದು ಅಂದದ್ದು. ಆಮೇಲೆ, ಗುಂಡಿ ಮುಚ್ಚಿದರೇನು, ಎಂದು ಕೇಳಿದರು. ಮುಚ್ಚಲಿಕತ್ತಾರ ಎಂದು ಸುಳ್ಳು ಹೇಳಿದೆ. ನನ್ನ ಸುಳ್ಳನ್ನು ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, ಕಣ್ಣು ಮುಚ್ಚಿಕೊಂಡರು. ಎರಡು ದಿನಕ್ಕೆ ಹೋದರು.

ಶ್ರದ್ಧಾಂಜಲಿ ಸಭೆಗೆ ಕೆಳಗಿನ ಊರಿನವರೂ ಬಂದಿದ್ದರು, ಅಧಿಕಾರಿಯೂ ಬಂದಿದ್ದ. ಒಬ್ಬೊಬ್ಬರೂ ಎದ್ದು, ಕಾಗಿಣೆಯನ್ನು ಉಳಿಸಿದ ತಾಯಿ, ಚೀಲದ ಘಾಟು ಬಂದ್ ಮಾಡಿಸಿದ ಧೀರೆ ಎಂದು ಹೊಗಳಿದರು. ನನ್ನ ಸರದಿ ಬಂದಾಗ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಆ ಘಾಟು ತೆರೆಸಬೇಕೆಂದು ಓಡಾಡುತ್ತಲೇ ಅವರು ಸತ್ತರು ಎಂದೆ. ಟವೆಲಿನ ಮಾತನ್ನೂ ಬಿಡಲಿಲ್ಲ. ನಿರೂಪಣೆ ಮಾಡುತ್ತಿದ್ದವರು ಮೈಕು ತೆಗೆದುಕೊಂಡು, ಆಪ್ತ ಗೆಳತಿಯನ್ನು ಕಳೆದುಕೊಂಡ ಸರ್ ಬಹಳ ಭಾವುಕರಾಗಿದ್ದಾರೆ ಎಂದರು. ಎಲ್ಲರೂ ಎದ್ದು ಮೌನ ಆಚರಿಸಿದರು.

ಈ ಬೇಸಿಗೆಯಲ್ಲಿ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಘಾಟಿನ ಗುಂಡಿಯ ಹತ್ತಿರ ಹೊಸ ಬೋರ್ಡು ಕಂಡಿತು. ಹಸಿರು ಬಣ್ಣ, ಬಿಳಿ ಅಕ್ಷರ. ಮೇಡಂ ಅವರ ಹೆಸರು ಮೇಲೆ ದಪ್ಪಗೆ, ಅವರ ಸ್ಮರಣಾರ್ಥ ಎಂದು ಅದರ ಕೆಳಗೆ, ಆಮೇಲೆ ಇಲ್ಲಿ ಚೀಲ ತೊಳೆಯುವುದನ್ನು ಶಾಶ್ವತವಾಗಿ ನಿಷೇಧಿಸಲಾಗ್ಯದ ಎಂದು, ಹಾಗೆಯೇ ತಪ್ಪುತಪ್ಪಾಗಿ. ಬೋರ್ಡಿನ ನೆರಳಲ್ಲಿ ಭೀಮಬಾಯಿ ಕೂತಿದ್ದಳು, ತನ್ನ ಬಟ್ಟೆ ಒಗೆದುಕೊಂಡು ಹೋಗಲು ಬಂದಿದ್ದಳಂತೆ. ಗಂಡ ಸಂಕ್ರಾಂತಿಯ ಹಿಂದೆಮುಂದೆ ತೀರಿಕೊಂಡಿದ್ದ. ಆಕೆ ಕಲ್ಲಿನ ಕೆಲಸಕ್ಕೆ ಹೋಗಿದ್ದಾಗ ಯಾವಾಗಲೋ ಜೀವ ಹೋಗಿತ್ತು, ಯಾವಾಗ ಎಂದು ಹೇಳುವವರು ಮನೆಯಲ್ಲಿರಲಿಲ್ಲ.

"ಮಾಸ್ತರ್ರ, ಇದರಾಗ ಏನು ಬರ್ದಾರ?" ಎಂದು ಕೇಳಿದಳು.

ಓದಿ ಹೇಳಿದೆ. ಹೆಸರು ಬಂದಾಗ ಆಕೆ ನನ್ನ ಮುಖ ನೋಡಿದಳು.

"ನಮ್ಮನಿ ತನಕ ಬಂದು ತಪ್ಪು ನಂದು ಅಂದಾಕಿ ಅಲ್ಲೇನ್ರಿ?"

"ಆಕಿನೇ."

"ಆಕಿ ಹಂಗ ಅಂದದ್ದು ಇವರಿಗಿ ಗೊತ್ತಿಲ್ಲೇನು?"

"ಗೊತ್ತದ" ಎಂದೆ.

ಭೀಮಬಾಯಿ ಒದ್ದೆ ಬಟ್ಟೆಗಳನ್ನು ಗಂಟು ಕಟ್ಟಿದಳು. ಎದ್ದು ನಿಂತು ಬೋರ್ಡನ್ನು ಮತ್ತೊಮ್ಮೆ ನೋಡಿದಳು.

"ಹಂಗಾದರ ಇವರು ಆಕಿಗೂ ಬಿಡಲಿಲ್ಲ ಬಿಡ್ರಿ" ಎಂದು, ಗಂಟನ್ನು ತಲೆಯ ಮೇಲಿಟ್ಟುಕೊಂಡು ಮನೆಯ ಕಡೆ ನಡೆದಳು.